ಐದು ತಿಂಗಳ ಕಾರಿನ ಎಂಜಿನ್ ಓಡುತ್ತಲೇ ಜಾಮ್ ಆಯಿತು: ಮೆಕ್ಯಾನಿಕ್ ಜೊತೆ ಪ್ರಶ್ನೋತ್ತರ

ಪ್ರಶ್ನೆ:
ನಮಸ್ಕಾರ. ಎಂಜಿನ್ ಬಿಚ್ಚಿ ಕಟ್ಟುವ ಕೆಲಸ ಗೊತ್ತಿರುವವರು ದಯವಿಟ್ಟು ಉತ್ತರಿಸಿ. ನನ್ನ ಕಾರಿಗೆ ಐದು ತಿಂಗಳು, ಓಡಿರುವುದು 6,200 ಕಿ.ಮೀ. ಎರಡು ಲೀಟರ್ ಟರ್ಬೊ ಪೆಟ್ರೋಲ್, ನಾಲ್ಕು ಸಿಲಿಂಡರ್, ಮ್ಯಾನ್ಯುಯಲ್ ಗೇರ್. ಭಾನುವಾರ ಬೆಳಿಗ್ಗೆ ಹೆದ್ದಾರಿಯಲ್ಲಿ 100ರ ವೇಗದಲ್ಲಿದ್ದೆ. ಮುಂದಿನ ಲಾರಿಯನ್ನು ದಾಟೋಣ ಅಂತ ಟಾಪ್ ಗೇರಿನಲ್ಲೇ ಆಕ್ಸಿಲರೇಟರ್ ಒತ್ತಿದೆ. ಕಟಕಟ ಅಂತ ಶಬ್ದ ಬಂತು, ಕೆಂಪು ಆಯಿಲ್ ದೀಪ ಹತ್ತಿತು, ಎಂಜಿನ್ ನಿಂತೇ ಹೋಯಿತು. ಹೇಗೋ ಪಕ್ಕಕ್ಕೆ ತಂದು ನಿಲ್ಲಿಸಿದೆ. ಎರಡು ಸಲ ಸೆಲ್ಫ್ ಹೊಡೆದೆ. ಮೊದಲ ಸಲ ಟಕ್ ಅಂತ ಒಂದೇ ಶಬ್ದ, ಎರಡನೇ ಸಲವೂ ಅಷ್ಟೇ.

ಟ್ರ್ಯಾಕಿಗೆ ಒಯ್ದಿಲ್ಲ, ಶಕ್ತಿ ಹೆಚ್ಚಿಸಲು ಎಂಜಿನ್ ಸಾಫ್ಟ್‌ವೇರ್ ಬದಲಾಯಿಸುವ ರೀಮ್ಯಾಪ್ ಮಾಡಿಸಿಲ್ಲ. ಆದರೂ ಸರ್ವೀಸ್ ಸೆಂಟರಿನವರು ಬಾನೆಟ್ ಎತ್ತುವ ಮೊದಲೇ "ತಪ್ಪು ಗೇರ್ ಹಾಕಿರಬೇಕು, ಎಂಜಿನ್ ಮಿತಿ ಮೀರಿ ತಿರುಗಿ ಓವರ್‌ರೆವ್ ಆಗಿದೆ" ಅನ್ನುತ್ತಿದ್ದಾರೆ. ಹೊಸ ಎಂಜಿನ್ ಹೀಗೆ ಏಕಾಏಕಿ ಹೋಗುತ್ತಾ? ನಾನೀಗ ಏನು ಮಾಡಲಿ?

ಉತ್ತರ (ಎಂಜಿನ್ ಮೆಕ್ಯಾನಿಕ್):
ಮೊದಲು ಒಂದು ಮಾತು. ಇನ್ನು ಯಾರೂ ಸೆಲ್ಫ್ ಹೊಡೆಯಬಾರದು. ನೀವೂ ಬೇಡ, ಅವರೂ ಬೇಡ. "ಒಂದ್ಸಲ ನೋಡೋಣ" ಅಂತ ಹೊಡೆದೇ ಬಹಳ ಎಂಜಿನ್‌ಗಳ ಬ್ಲಾಕ್ ತೂತಾಗಿದೆ. ಎಂಜಿನ್ನಿನ ಕಂಪ್ಯೂಟರಾದ ಇಸಿಯುನಲ್ಲಿರುವ ದೋಷದ ಕೋಡ್‌ಗಳನ್ನು ಅಳಿಸಬೇಡಿ ಅಂತಲೂ ಬರೆದುಕೊಡಿ. ಕೋಡ್ ಬಿದ್ದ ಗಳಿಗೆಯಲ್ಲಿ ಆರ್‌ಪಿಎಂ ಎಷ್ಟಿತ್ತು, ವೇಗ ಎಷ್ಟಿತ್ತು, ಬಿಸಿ ಎಷ್ಟಿತ್ತು ಅನ್ನುವುದು ಅದರ ಜೊತೆಗೇ ಉಳಿದಿರುತ್ತದೆ. ಕೋಡ್ ಅಳಿಸಿದರೆ ಅದೂ ಹೋಗುತ್ತದೆ. ಅದರ ಪ್ರಿಂಟ್ ಕೇಳಿ ಇಟ್ಟುಕೊಳ್ಳಿ.

ಇನ್ನು ಅವರ ಓವರ್‌ರೆವ್ ಮಾತು. ಮೂರರಿಂದ ನಾಲ್ಕಕ್ಕೆ ಹಾಕುವ ಬದಲು ಕೈತಪ್ಪಿ ಎರಡಕ್ಕೆ ಹಾಕಿದರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ಸುತ್ತು ಮಿತಿ ಮೀರದಂತೆ ತಡೆಯುವ ರೆವ್ ಲಿಮಿಟರ್ ಪೆಟ್ರೋಲ್ ನಿಲ್ಲಿಸಬಹುದು, ಚಕ್ರವನ್ನು ನಿಲ್ಲಿಸಲಾರದು. ಆಗ ವಾಲ್ವ್ ಪಿಸ್ಟನ್ನಿಗೆ ಬಡಿದು ಬಾಗುತ್ತದೆ. ಇದು ನಿಜವಾಗಿ ಆಗುವಂಥದ್ದೇ. ಆದರೆ ನೀವು ಗೇರ್ ಬದಲಿಸಲೇ ಇಲ್ಲವಲ್ಲ! ಸುಳ್ಳೋ ನಿಜವೋ ಇಸಿಯು ಹೇಳುತ್ತದೆ. ಎಷ್ಟೋ ಪರ್ಫಾರ್ಮೆನ್ಸ್ ಕಾರುಗಳಲ್ಲಿ ಓವರ್‌ರೆವ್ ದಾಖಲಾಗಿರುತ್ತದೆ. ಪೋರ್ಶೆಯಲ್ಲಂತೂ ಅದನ್ನು ಆರು ಹಂತಗಳಾಗಿ ಬರೆದಿಡುತ್ತದೆ. "ದಾಖಲೆ ತೋರಿಸಿ" ಅನ್ನಿ.

ನನಗೆ ಒಂದು ವಿಷಯ ಬೇಕು. ಆಯಿಲ್ ದೀಪ ಹತ್ತಿದ್ದು ಎಂಜಿನ್ ನಿಲ್ಲುವ ಮೊದಲೋ, ನಿಂತ ಮೇಲೋ? ಎಂಜಿನ್ ನಿಂತ ಮೇಲೆ ಅದು ಹೇಗೂ ಹತ್ತುತ್ತದೆ, ಅದಕ್ಕೆ ಅರ್ಥವಿಲ್ಲ. ಮೊದಲೇ ಹತ್ತಿದ್ದರೆ ಕಥೆಯೇ ಬೇರೆ.

ಪ್ರಶ್ನೆ ಕೇಳಿದವರು:
ಮೊದಲೇ ಹತ್ತಿತು ಸರ್, ಖಂಡಿತ. ಇನ್ನೊಂದು ಹೇಳುವುದು ಮರೆತಿದ್ದೆ. ಹಿಂದಿನ ಶುಕ್ರವಾರ ಒಂದು ಉದ್ದ ತಿರುವಿನಲ್ಲಿ ಅದೇ ದೀಪ ಒಂದು ಕ್ಷಣ ಮಿನುಗಿ ಹೋಯಿತು. ಸೆನ್ಸರ್ ಇರಬೇಕು ಅಂತ ಸುಮ್ನಾದೆ. ಡಿಪ್‌ಸ್ಟಿಕ್ ನೋಡಿದೆ, ಆಯಿಲ್ ಮಟ್ಟ ಸರಿಯಾಗಿಯೇ ಇತ್ತು.

ಉತ್ತರ:
ಹಾಗಾದರೆ ಏಕಾಏಕಿ ಅಲ್ಲ ಸರ್. ಎರಡು ದಿನ ಮೊದಲೇ ಅದು ಹೇಳಿತ್ತು. ನಿಮ್ಮನ್ನು ಬೈಯುತ್ತಿಲ್ಲ, ಹತ್ತರಲ್ಲಿ ಒಂಬತ್ತು ಜನ ಸೆನ್ಸರ್ ಅಂತಲೇ ಅಂದುಕೊಳ್ಳುತ್ತಾರೆ.

ಆ ದೀಪ ಆಯಿಲ್ ಕಡಿಮೆಯಿದೆ ಅಂತ ಹೇಳುವುದಲ್ಲ, ಒತ್ತಡ ಇಲ್ಲ ಅಂತ ಹೇಳುವುದು. ಅದೂ ತೀರಾ ಕೊನೆಯಲ್ಲಿ. ಓಡುವಾಗ ಮೂರು ನಾಲ್ಕು ಬಾರ್ ಇರಬೇಕಾದ ಒತ್ತಡ ಅರ್ಧ ಬಾರ್ ಆಸುಪಾಸಿಗೆ ಬಿದ್ದಾಗ ಸಾಮಾನ್ಯವಾಗಿ ಅದು ಹತ್ತುತ್ತದೆ. ಅಷ್ಟರಲ್ಲಿ ಬೇರಿಂಗ್ ಒಣಗಿರುತ್ತದೆ.

ಪಿಸ್ಟನ್ನನ್ನು ತಿರುಗುವ ಕ್ರ್ಯಾಂಕಿಗೆ ಜೋಡಿಸುವುದು ಕನೆಕ್ಟಿಂಗ್ ರಾಡ್. ಅದರ ಬೇರಿಂಗಿಗೂ ಕ್ರ್ಯಾಂಕಿಗೂ ನಡುವೆ ಇರುವ ಜಾಗ ಕೂದಲೆಳೆಗಿಂತ ತೆಳು, ಸುಮಾರು 0.05 ಮಿ.ಮೀ. ಆ ಜಾಗದಲ್ಲಿ ಆಯಿಲ್ ತುಂಬಿರುವವರೆಗೆ ಲೋಹಕ್ಕೆ ಲೋಹ ತಾಗುವುದೇ ಇಲ್ಲ. 6,000 ಆರ್‌ಪಿಎಂ ಅಂದರೆ ಸೆಕೆಂಡಿಗೆ 100 ಸುತ್ತು. ಆಯಿಲ್ ಒಂದೆರಡು ಕ್ಷಣ ತಪ್ಪಿದರೆ ಬೇರಿಂಗಿನ ಮೆತ್ತನೆಯ ಪದರ ಒರೆಸಿದಂತೆ ಹೋಗುತ್ತದೆ. ಜಾಗ ದೊಡ್ಡದಾಗುತ್ತದೆ, ಒತ್ತಡ ಇನ್ನೂ ಬೀಳುತ್ತದೆ. ಕೊನೆಗೆ ಬೇರಿಂಗ್ ಕ್ರ್ಯಾಂಕಿಗೆ ಕಚ್ಚಿಕೊಂಡು ಅದರ ಜೊತೆಗೇ ತಿರುಗುತ್ತದೆ. ನೀವು ಕೇಳಿದ ಕಟಕಟ ಅದೇ ಅಂತ ನನ್ನ ಅನುಮಾನ. ಮಟ್ಟ ಸರಿಯಿದ್ದೂ ತಿರುವಿನಲ್ಲಿ ಒತ್ತಡ ಬಿತ್ತು ಅಂದರೆ ಎಂಜಿನ್ನಿನ ಅಡಿಯ ಆಯಿಲ್ ತಟ್ಟೆಯಾದ ಸಂಪಿನಿಂದ ಪಂಪಿಗೆ ಹೋಗುವ ದಾರಿ ನೋಡಬೇಕು. ಅಂದರೆ ಅಲ್ಲಿ ಆಯಿಲ್ ಸೋಸುವ ಜಾಲರಿ, ಸ್ಟ್ರೇನರ್.

ಮೂರನೆಯವರು:
ಟಾಪ್ ಗೇರಿನಲ್ಲಿ ಕಡಿಮೆ ಆರ್‌ಪಿಎಂನಲ್ಲಿ ಒಮ್ಮೆಲೇ ಒತ್ತಿದ್ದೇ ತಪ್ಪು ಅಲ್ವಾ? ಟರ್ಬೊ ಎಂಜಿನ್‌ಗಳಲ್ಲಿ ಎಲ್‌ಎಸ್‌ಪಿಐ ಅಂತ ಒಂದಿದೆಯಲ್ಲ.

ಉತ್ತರ:
ಒಳ್ಳೆಯ ಪ್ರಶ್ನೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕಡಿಮೆ ಆರ್‌ಪಿಎಂನಲ್ಲಿ ಪೂರ್ತಿ ಭಾರ ಬಿದ್ದಾಗ, ಸ್ಪಾರ್ಕ್ ಬರುವ ಮೊದಲೇ ಪೆಟ್ರೋಲ್ ತಾನಾಗಿ ಹೊತ್ತಿಕೊಳ್ಳುವುದೇ ಎಲ್‌ಎಸ್‌ಪಿಐ. ಸುತ್ತಿಗೆಯಿಂದ ಪಿಸ್ಟನ್ ಮೇಲೆ ಹೊಡೆದ ಹಾಗೆ. ಆಯಿಲಿನಲ್ಲಿರುವ ಕ್ಯಾಲ್ಸಿಯಂ ಜಾಸ್ತಿಯಾದರೆ ಇದೂ ಜಾಸ್ತಿ. 2020ರಲ್ಲಿ ಬಂದ ಎಪಿಐ ಎಸ್‌ಪಿ ದರ್ಜೆಯ ಆಯಿಲಿಗೆ ಇದಕ್ಕೆಂದೇ ಪರೀಕ್ಷೆ ಇದೆ. ಆದರೆ ಅದರಲ್ಲಿ ಸಾಮಾನ್ಯವಾಗಿ ಒಡೆಯುವುದು ಪಿಸ್ಟನ್ನಿನಲ್ಲಿ ರಿಂಗ್ ಕೂರುವ ಅಂಚು. ಒಂದು ಸಿಲಿಂಡರ್ ಸಾಯುತ್ತದೆ, ಎಂಜಿನ್ ನಡುಗುತ್ತಾ ನೀಲಿ ಹೊಗೆ ಉಗುಳುತ್ತಾ ಓಡುತ್ತದೆ. ಹೀಗೆ ಆಯಿಲ್ ದೀಪ ತೋರಿಸಿ ಜಾಮ್ ಆಗುವುದು ಅಪರೂಪ.

ನಾಲ್ಕನೆಯವರು:
ಕ್ಷಮಿಸಿ, ನಂಬಲಿಕ್ಕಾಗಲ್ಲ. 6,000 ಕಿ.ಮೀಗೆ ಕಂಪನಿ ಎಂಜಿನ್ ಹೋಗಲ್ಲ. ಇವರು ಏನೋ ಮುಚ್ಚಿಡುತ್ತಿದ್ದಾರೆ.

ಉತ್ತರ:
ಮುಚ್ಚಿಡುವವರು ಇದ್ದಾರೆ, ದಿನಾ ನೋಡುತ್ತೇನೆ. ಆದರೆ "ಹೋಗಲ್ಲ" ಅನ್ನಬೇಡಿ. 2014ರಲ್ಲಿ ಪೋರ್ಶೆ 911 ಜಿಟಿ3 ಕಾರುಗಳಲ್ಲಿ ಕನೆಕ್ಟಿಂಗ್ ರಾಡಿನ ಬೋಲ್ಟ್ ಸಡಿಲವಾಗಿ ಬೆಂಕಿ ಹತ್ತಿತು. ಕಾರುಗಳನ್ನು ಓಡಿಸಲೇಬೇಡಿ ಅಂದ ಕಂಪನಿ ಕೊನೆಗೆ 785 ಕಾರುಗಳ ಎಂಜಿನ್ ಬದಲಿಸಿಕೊಟ್ಟಿತು. 2024ರಲ್ಲಿ ಟೊಯೋಟಾ ಸುಮಾರು 1,02,000 ಟಂಡ್ರಾ ಮತ್ತು ಲೆಕ್ಸಸ್ ಎಲ್‌ಎಕ್ಸ್ ಗಾಡಿಗಳನ್ನು ವಾಪಸ್ ಕರೆಯಿತು. ಕಾರಣ? ಕಾರ್ಖಾನೆಯಲ್ಲಿ ಲೋಹ ಕೊರೆದ ಪುಡಿ ಎಂಜಿನ್ ಒಳಗೇ ಉಳಿದುಕೊಂಡಿತ್ತು. ಅದೇ ವರ್ಷ ಫೋರ್ಡ್ ತನ್ನ ಇಕೋಬೂಸ್ಟ್ ವಿ6 ಎಂಜಿನ್‌ಗಳಿಗೆ ಇನ್‌ಟೇಕ್ ವಾಲ್ವ್ ತುಂಡಾಗುತ್ತದೆ ಅಂತ ರೀಕಾಲ್ ಮಾಡಿತು. ತಯಾರಿಕೆಯ ದೋಷ ಇದ್ದರೆ ಹೊಸತರಲ್ಲೇ ಹೊರಬೀಳುವುದು ಹೆಚ್ಚು. ಸವೆದು ಹೋಗುವ ಎಂಜಿನ್ ಲಕ್ಷ ಕಿ.ಮೀ ಆದ ಮೇಲೆ ಬರುತ್ತದೆ, ಅದು ಬೇರೆ ಜಾತಿ.

ಇಷ್ಟೆಲ್ಲ ಹೇಳಿದರೂ ನಾನು ಈ ಕಾರನ್ನು ನೋಡಿಲ್ಲ. ಬಿಚ್ಚಿದ ಮೇಲೆ ಮಾತು.

ಪ್ರಶ್ನೆ ಕೇಳಿದವರು:
ಬಿಚ್ಚುವಾಗ ಏನು ಕೇಳಬೇಕು ಸರ್? ಅಲ್ಲಿ ಹೋಗಿ ನಿಂತರೆ ನನಗೆ ನಟ್ಟಿಗೂ ಬೋಲ್ಟಿಗೂ ವ್ಯತ್ಯಾಸ ಗೊತ್ತಾಗಲ್ಲ.

ಉತ್ತರ:
ನಿಂತುಕೊಂಡರೆ ಸಾಕು, ಅರ್ಧ ಕೆಲಸ ಸರಿಯಾಗಿಯೇ ನಡೆಯುತ್ತದೆ! ಎಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್ ಇಳಿಸಲು ಬಿಡಬೇಡಿ, ಅದು ಆಮೇಲೆ. ಮೊದಲು ಕ್ರ್ಯಾಂಕ್ ಬೋಲ್ಟಿಗೆ ಉದ್ದದ ಸ್ಪ್ಯಾನರ್ ಹಾಕಿ ಕೈಯಲ್ಲಿ ಮೆಲ್ಲಗೆ ತಿರುಗಿಸಿ ನೋಡಲಿ. ತಿರುಗದಿದ್ದರೆ ಒತ್ತಾಯ ಬೇಡ. ಆಯಿಲನ್ನು ಶುದ್ಧವಾದ ಡಬ್ಬಿಗೆ ಇಳಿಸಿ ಒಂದು ಬಾಟಲಿ ನೀವು ಇಟ್ಟುಕೊಳ್ಳಿ. ಫಿಲ್ಟರನ್ನು ಕತ್ತರಿಸಿ ಮಡಿಕೆಗಳನ್ನು ಬಿಡಿಸಿ ನೋಡಬೇಕು. ಅಯಸ್ಕಾಂತ ಹಿಡಿಯಿರಿ. ಅಂಟದ ಹೊಳೆಯುವ ಪುಡಿಯಾದರೆ ಹೆಚ್ಚಾಗಿ ಬೇರಿಂಗಿನದು. ಅಂಟಿದರೆ ಚೈನ್, ಕ್ರ್ಯಾಂಕ್ ಇಂಥ ಉಕ್ಕಿನ ಭಾಗ. ಆಮೇಲೆ ಸಂಪ್ ಇಳಿಸಲಿ. ಸ್ಟ್ರೇನರನ್ನು ಯಾರೂ ಒರೆಸುವ ಮೊದಲು ಫೋಟೊ ತೆಗೆಯಿರಿ. ಬಟ್ಟೆ ಹಿಡಿದು ಪಕ್ಕದಲ್ಲಿ ಒಬ್ಬ ಹುಡುಗ ನಿಂತೇ ಇರುತ್ತಾನೆ, ಅವನ ಮೇಲೆ ಕಣ್ಣಿಡಿ.

ಪ್ರಶ್ನೆ ಕೇಳಿದವರು (ಒಂಬತ್ತು ದಿನಗಳ ನಂತರ):
ಸರ್, ಇವತ್ತು ನನ್ನ ಮುಂದೆಯೇ ಬಿಚ್ಚಿದರು. ಕೈಯಲ್ಲಿ ಕ್ರ್ಯಾಂಕ್ ಅಲ್ಲಾಡಲಿಲ್ಲ. ಫಿಲ್ಟರಿನ ತುಂಬ ಮಿನುಗುವ ಚೂರು, ಅಯಸ್ಕಾಂತಕ್ಕೆ ಬಹುಪಾಲು ಅಂಟಲಿಲ್ಲ. ಮೂರನೇ ಸಿಲಿಂಡರಿನ ರಾಡ್ ಬೇರಿಂಗ್ ತಿರುಗಿ ಕಪ್ಪಾಗಿದೆ. ಸ್ಟ್ರೇನರಿನ ಜಾಲರಿಗೆ ಸಿಲಿಕೋನ್ ಗಮ್ಮಿನ ಎಳೆಗಳು ಅಂಟಿಕೊಂಡಿದ್ದವು, ಅರ್ಧ ಮುಚ್ಚಿಹೋಗಿತ್ತು. ಸಂಪ್ ಕೂರಿಸುವಾಗ ಹಚ್ಚಿದ್ದು ಜಾಸ್ತಿಯಾಗಿ ಒಳಗೆ ಉದುರಿದೆ ಅಂತ ಅವರ ಮೇಸ್ತ್ರಿಯೇ ಹೇಳಿದರು. ಇಸಿಯುನಲ್ಲಿ ಓವರ್‌ರೆವ್ ಒಂದೂ ಇಲ್ಲ. ವಾರಂಟಿಯಲ್ಲಿ ಶಾರ್ಟ್ ಬ್ಲಾಕ್ ಕೊಡುತ್ತಾರಂತೆ. ಒಪ್ಪಿಕೊಳ್ಳಲಾ?

ಉತ್ತರ:
ಗಮ್ಮು! ಬಟಾಣಿಯಷ್ಟು ಹಚ್ಚುವಲ್ಲಿ ಪೇಸ್ಟ್ ಹಿಂಡಿದ ಹಾಗೆ ಹಿಂಡುತ್ತಾರೆ. ಗ್ಯಾರೇಜಿನಲ್ಲಿ ನಮ್ಮ ಹುಡುಗರಿಗೆ ನಾನು ಜಾಸ್ತಿ ಬೈದಿರುವುದು ಇದಕ್ಕೇ.

ಈಗಲೇ ಸಹಿ ಹಾಕಬೇಡಿ. ಶಾರ್ಟ್ ಬ್ಲಾಕ್ ಅಂದರೆ ಬ್ಲಾಕ್, ಕ್ರ್ಯಾಂಕ್, ಪಿಸ್ಟನ್ ಅಷ್ಟೇ. ನಿಮ್ಮ ಹಳೆ ಹೆಡ್, ಹಳೆ ಟರ್ಬೊ, ಹಳೆ ಆಯಿಲ್ ಕೂಲರ್ ಅದಕ್ಕೇ ಜೋಡಿಸುತ್ತಾರೆ. ಬೇರಿಂಗ್ ಪುಡಿಯಾದ ಆಯಿಲ್ ಅವೆಲ್ಲದರ ಒಳಗೂ ಓಡಾಡಿದೆ. ಫಿಲ್ಟರ್ ಕಟ್ಟಿಕೊಂಡಾಗ ಬೈಪಾಸ್ ವಾಲ್ವ್ ತೆರೆದು ಸೋಸದ ಆಯಿಲನ್ನೇ ಬಿಡುತ್ತದೆ. ಟರ್ಬೊ ಶಾಫ್ಟ್ ನಿಮಿಷಕ್ಕೆ ಲಕ್ಷ ಸುತ್ತು ದಾಟುವಂಥದ್ದು, ಅದರ ಬೇರಿಂಗಿಗೂ ಆಯಿಲೇ ಆಧಾರ. ಕೂಲರಿನ ಸಣ್ಣ ಸಣ್ಣ ದಾರಿಗಳನ್ನು ಎಷ್ಟು ತೊಳೆದರೂ ಪೂರ್ತಿ ಶುದ್ಧವಾಗುವುದಿಲ್ಲ. ನಾನಾದರೆ ಹೆಡ್ ಸಮೇತ ಪೂರ್ತಿ ಎಂಜಿನ್ ಕೇಳುತ್ತೇನೆ. ಕೊಡದಿದ್ದರೆ ಟರ್ಬೊ, ಕೂಲರ್, ಆಯಿಲ್ ಪಂಪ್ ಹೊಸದು ಬೇಕು, ಹೆಡ್ಡಿನ ಆಯಿಲ್ ದಾರಿಗಳನ್ನು ತೊಳೆದು ತೋರಿಸಬೇಕು, ಇಷ್ಟನ್ನು ಜಾಬ್ ಕಾರ್ಡಿನಲ್ಲಿ ಬರೆಸಿ. ಸ್ಟ್ರೇನರಿನ ಫೋಟೊ ನಿಮ್ಮ ಹತ್ತಿರ ಇದೆಯಲ್ಲ, ಅವರು ಮಣಿಯುತ್ತಾರೆ.

ಪ್ರಶ್ನೆ ಕೇಳಿದವರು:
ಪೂರ್ತಿ ಎಂಜಿನ್ನಿಗೇ ಬರೆದುಕೊಟ್ಟೆ ಸರ್. ಹೊಸದು ಬಂದ ಮೇಲೆ ಮೊದಮೊದಲು ಹೇಗೆ ಓಡಿಸಬೇಕು?

ಉತ್ತರ:
ಮ್ಯಾನ್ಯುಯಲ್‌ನಲ್ಲಿ ಬರೆದಿರುವ ರನ್ನಿಂಗ್ ಇನ್ ಮಿತಿಯಲ್ಲಿ ಓಡಿಸಿ. ಬಿಎಂಡಬ್ಲ್ಯು ಎಂ ಕಾರುಗಳಿಗೆ 2,000 ಕಿ.ಮೀಗೇ ಮೊದಲ ಆಯಿಲ್ ಬದಲಿಸುವ ಪದ್ಧತಿ ಇದೆ, ನಿಮ್ಮದಕ್ಕೂ ಹಾಗೇ ಮಾಡಿಸಿ. ತೆಗೆದ ಫಿಲ್ಟರ್ ಬಿಸಾಡಲು ಬಿಡಬೇಡಿ. ಕತ್ತರಿಸಿ, ಫೋಟೊ ತೆಗೆದು ಇಲ್ಲೇ ಹಾಕಿ. ನೋಡಿ ಹೇಳುತ್ತೇನೆ.