ಕರಪತ್ರದಲ್ಲಿದ್ದ ಭಾಗವತರು ಬರಲಿಲ್ಲ, ಬೆಳಗಿನವರೆಗಿನ ಯಕ್ಷಗಾನದ ಆಟ ಮೂರು ಗಂಟೆಗೇ ಮುಗಿಯಿತು: ಟಿಕೆಟಿನ ಹಣ ಮರಳಿ ಕೇಳಬಹುದೇ?

ಅಘನಾಶಿನಿ ತೀರದವಳು (ಕುಮಟಾ)

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳ ಎರಡನೆಯ ಶನಿವಾರ ಶಿರಸಿಯಲ್ಲಿ ನಡೆದ ಟಿಕೆಟ್ ಯಕ್ಷಗಾನವೊಂದರ ವಿಷಯದಲ್ಲಿ ತಿಳಿದವರ ಸಲಹೆ ಬೇಕಾಗಿದೆ. ಸಂಘಟಕರ ಹೆಸರನ್ನಾಗಲೀ ಕಲಾವಿದರ ಹೆಸರನ್ನಾಗಲೀ ಇಲ್ಲಿ ಬರೆಯುವುದಿಲ್ಲ. ಯಾರ ಮಾನ ಕಳೆಯುವುದೂ ನನ್ನ ಉದ್ದೇಶವಲ್ಲ.

ರಾತ್ರಿ 9.30ರಿಂದ ಬೆಳಗಿನವರೆಗೆ ಎರಡು ಪ್ರಸಂಗ ಎಂದು ಕರಪತ್ರದಲ್ಲಿತ್ತು. ಎರಡನೆಯ ಪ್ರಸಂಗಕ್ಕೆ ಹೆಸರಾಂತ ಭಾಗವತರೊಬ್ಬರ ಹಾಡುಗಾರಿಕೆ, ಕೌರವನ ಪಾತ್ರಕ್ಕೆ ಬೇರೆ ಮೇಳದ ಅತಿಥಿ ಕಲಾವಿದರು ಎಂದು ಇಬ್ಬರ ಭಾವಚಿತ್ರದೊಂದಿಗೆ ದೊಡ್ಡ ಅಕ್ಷರಗಳಲ್ಲಿ ಅಚ್ಚಾಗಿತ್ತು. ನಮ್ಮ ಅಪ್ಪಯ್ಯನಿಗೆ ಈಗ 79 ವರ್ಷ. ಆ ಭಾಗವತರ ಪದ್ಯವನ್ನು ಎದುರು ಕುಳಿತು ಕೇಳಿ ಆರೇಳು ವರ್ಷವಾಯಿತು, ಮೊಬೈಲಿನಲ್ಲಿ ಕೇಳಿದರೆ ಚಂಡೆ ಮದ್ದಳೆಯ ಪೆಟ್ಟು ಎದೆಗೆ ತಾಗುವುದಿಲ್ಲ ಎಂದು ಅವರು ಹೇಳುತ್ತಲೇ ಇದ್ದರು. ಆದ್ದರಿಂದ ತಲಾ 600 ರೂಪಾಯಿಯ ನಾಲ್ಕು ಟಿಕೆಟುಗಳನ್ನು ಬುಕಿಂಗ್ ಆ್ಯಪ್ ಮೂಲಕ ಕಾದಿರಿಸಿ, ಶುಲ್ಕ ಸೇರಿ 2,596 ರೂಪಾಯಿ ಕಟ್ಟಿ, ಬಾಡಿಗೆ ಕಾರಿನಲ್ಲಿ ದೇವಿಮನೆ ಘಟ್ಟ ಹತ್ತಿ ಹೋದೆವು.

ಸಭಾ ಕಾರ್ಯಕ್ರಮ, ಸನ್ಮಾನ, ಭಾಷಣ ಎಲ್ಲ ಮುಗಿದು ಆಟ ಆರಂಭವಾಗುವಾಗ 11.15 ಆಗಿತ್ತು. ಅದನ್ನು ನಾವು ಸಹಿಸಿಕೊಂಡೆವು. ಮೊದಲ ಪ್ರಸಂಗ ಮುಗಿದ ಮೇಲೆ ರಂಗಸ್ಥಳದಲ್ಲಿ ಒಬ್ಬರು ನಿಂತು, ಅನಿವಾರ್ಯ ಕಾರಣದಿಂದ ಭಾಗವತರು ಬಂದಿಲ್ಲ, ಅತಿಥಿ ಕಲಾವಿದರೂ ಬಂದಿಲ್ಲ ಎಂದು ಎರಡೇ ಮಾತಿನಲ್ಲಿ ಹೇಳಿದರು. ಎರಡನೆಯ ಪ್ರಸಂಗವನ್ನು ಅಲ್ಲಲ್ಲಿ ಕತ್ತರಿಸಿ ಓಡಿಸಿದರು. ಕೌರವನು ಸರೋವರದ ದಡಕ್ಕೆ ಬರುವ ಭಾಗಕ್ಕಾಗಿ ಅಪ್ಪಯ್ಯ ಕಾದಿದ್ದರು. ಅಲ್ಲಿ ಹಾಡಿದ್ದು ಮೂರು ಪದ್ಯ ಮಾತ್ರ. 2.50ಕ್ಕೆ ಮಂಗಲ ಹಾಡಿದರು. ಆ ಹೊತ್ತಿನಲ್ಲಿ ವಯಸ್ಸಾದವರನ್ನು ಕರೆದುಕೊಂಡು ಘಟ್ಟ ಇಳಿಯುವುದಕ್ಕಾಗದೆ ಬೆಳಗಿನವರೆಗೆ ಬಸ್ ನಿಲ್ದಾಣದ ಬಳಿ ಕಾರಿನಲ್ಲೇ ಕುಳಿತಿದ್ದೆವು.

ನನ್ನನ್ನು ಹೆಚ್ಚು ನೋಯಿಸಿದ ಸಂಗತಿ ಬೇರೆ. ಭಾಗವತರು ಬರುವುದಿಲ್ಲವೆಂದು ಸಂಘಟಕರಿಗೆ ಸಂಜೆಯೇ ತಿಳಿದಿತ್ತು ಎಂಬುದನ್ನು ಅವರ ಕಡೆಯವರೇ ಆಮೇಲೆ ಫೋನಿನಲ್ಲಿ ಒಪ್ಪಿಕೊಂಡರು. ಆದರೂ ರಾತ್ರಿ ಹತ್ತರವರೆಗೆ ಗೇಟಿನಲ್ಲಿ ಅದೇ ಬ್ಯಾನರ್ ಕೆಳಗೆ ಟಿಕೆಟ್ ಮಾರಿದರು. ಹಣ ಕೇಳಿದರೆ, ಟಿಕೆಟಿನ ಹಿಂಬದಿಯಲ್ಲಿ "ಕಲಾವಿದರ ಬದಲಾವಣೆಯ ಹಕ್ಕು ಸಂಘಟಕರದು, ಹಣ ಹಿಂತಿರುಗಿಸಲಾಗುವುದಿಲ್ಲ" ಎಂದು ಬರೆದಿದೆಯಲ್ಲ ಎನ್ನುತ್ತಾರೆ. ಆ್ಯಪ್‌ನವರು ಸಂಘಟಕರನ್ನು ಕೇಳಿ ಎನ್ನುತ್ತಾರೆ. ನಮ್ಮ ಬಳಗದಲ್ಲಿಯೂ ಕೆಲವರು, ಆಟಕ್ಕೆ ಕೊಟ್ಟ ಹಣವನ್ನು ಮರಳಿ ಕೇಳುವುದು ಚೆನ್ನಾಗಿ ಕಾಣುವುದಿಲ್ಲ, ಪಾಪ ಕಲಾವಿದರ ಹೊಟ್ಟೆಯ ಮೇಲೆ ಹೊಡೆದಂತೆ ಎಂದರು. ಆ ಮಾತಿನಿಂದ ನಾನು ಹಿಂಜರಿದಿದ್ದೇನೆ. ಕೇಳುವುದು ಸರಿಯೇ? ಸರಿಯಾದರೆ ಎಲ್ಲಿ, ಹೇಗೆ ಕೇಳಬೇಕು?

ಚೌಕಿಯ ಬದಿಯವ (ಸಿದ್ದಾಪುರ)

ಅಕ್ಕಾ, ನಾನು ಹದಿನೈದು ವರ್ಷಗಳಿಂದ ಊರಿನಲ್ಲಿ ಆಟ ಆಡಿಸುತ್ತ ಬಂದವನು. ಆದ್ದರಿಂದ ಸಂಘಟಕರ ಬದಿಯಿಂದ ಮೊದಲು ಹೇಳುತ್ತೇನೆ. ಕಲಾವಿದರ ಹೊಟ್ಟೆಯ ಮಾತು ಇಲ್ಲಿ ಬರುವುದಿಲ್ಲ. ಟಿಕೆಟ್ ಎಷ್ಟೇ ಹೋಗಲಿ, ಮೇಳಕ್ಕೆ ಮಾತಾದ ಮೊತ್ತವನ್ನೂ ಅತಿಥಿಗಳಿಗೆ ಅವರವರ ಸಂಭಾವನೆಯನ್ನೂ ಸಂಘಟಕ ಕೊಡಲೇಬೇಕು. ಬಾರದ ಅತಿಥಿಗೆ ಸಂಭಾವನೆ ಕೊಡುವ ರೂಢಿ ಇಲ್ಲ, ಮುಂಗಡ ಕೊಟ್ಟಿದ್ದರೆ ಅದೂ ಮರಳುತ್ತದೆ ಅಥವಾ ಮುಂದಿನ ಆಟಕ್ಕೆ ಹೊಂದಿಕೆಯಾಗುತ್ತದೆ. ಹಾಗಾಗಿ ಇಬ್ಬರು ಬಾರದಿದ್ದರೆ ಸಂಘಟಕರ ಖರ್ಚು ಅಷ್ಟು ಉಳಿಯಿತು ಎಂದೇ ಲೆಕ್ಕ. ಆ ಉಳಿದ ಹಣ ಯಾರದು ಎಂದು ಯೋಚಿಸಿದರೆ, ಅದು ಆ ಇಬ್ಬರ ಹೆಸರು ನೋಡಿ ಟಿಕೆಟ್ ಕೊಂಡವರದು ಎಂದೇ ನನಗೆ ತೋರುತ್ತದೆ.

ಹರಕೆಯ ಬಯಲಾಟಕ್ಕೂ ಟಿಕೆಟ್ ಆಟಕ್ಕೂ ಇರುವ ವ್ಯತ್ಯಾಸವನ್ನು ನಿಮ್ಮ ಬಳಗದವರು ಮರೆತಿದ್ದಾರೆ. ಹರಕೆಯ ಆಟಕ್ಕೆ ಹಣ ಕೊಟ್ಟವನು ಹರಕೆ ಹೊತ್ತವನು, ನೋಡುವವರು ಅತಿಥಿಗಳು. ಯಾವ ವೇಷ ಬಂದರೂ ಕೈಮುಗಿದು ನೋಡುತ್ತೇವೆ. ಟಿಕೆಟ್ ಆಟದಲ್ಲಿ ಹಾಗಲ್ಲ, ಅಲ್ಲಿ ಹೆಸರೇ ಸರಕು. 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ವೇಷವಿದೆಯೆಂದು ತಿಳಿದರೆ ಘಟ್ಟದ ಕೆಳಗಿನಿಂದಲೂ ಮೇಲಿನಿಂದಲೂ ಜನ ಹೊರಟು ಬರುತ್ತಿದ್ದುದನ್ನು ನಾವೇ ಕಂಡಿದ್ದೇವೆ. ಪ್ರಸಂಗ ಯಾವುದೆಂದು ಕೇಳುವುದು ಆಮೇಲೆ.

ಭಾಗವತರ ಗಂಟಲು ಕೆಡುವುದು, ಒಂದೇ ರಾತ್ರಿ ಎರಡು ಕಡೆ ಒಪ್ಪಿಕೊಂಡು ದಾರಿಯಲ್ಲಿ ತಡವಾಗುವುದು, ಇವೆಲ್ಲ ನಡೆಯುವುದೇ. ನಮ್ಮಲ್ಲಿ ಒಮ್ಮೆ ಸ್ತ್ರೀವೇಷದ ಮುಖ್ಯ ಕಲಾವಿದರಿಗೆ ಮಧ್ಯಾಹ್ನ ಜ್ವರ ಬಂತು. ಸಂಜೆ ಆರು ಗಂಟೆಗೆ ಗೇಟಿನಲ್ಲಿ ಹಲಗೆ ಬರೆದು ನಿಲ್ಲಿಸಿದೆವು. ಒಳಗೆ ಬರುವ ಮುನ್ನ ಬೇಡವೆಂದವರಿಗೆ ಅಲ್ಲಿಯೇ ಹಣ ಕೊಟ್ಟೆವು. ಮರಳಿ ಪಡೆದವರು ಮೂವತ್ತು ನಲವತ್ತು ಜನ, ಉಳಿದವರು ಕುಳಿತರು. ಮರುವರ್ಷ ಅವರೆಲ್ಲ ಬಂದರು. ಗೊತ್ತಿದ್ದೂ ಬ್ಯಾನರ್ ಇಳಿಸದೆ ಟಿಕೆಟ್ ಮಾರಿದ್ದನ್ನು ಸಂಘಟಕನಾಗಿ ನಾನು ಸಮರ್ಥಿಸಲಾರೆ.

ಕಾರವಾರದ ವಕೀಲ

ಮೇಲಿನವರು ಹೇಳಿದ ಕೊನೆಯ ಮಾತೇ ನಿಮ್ಮ ದೂರಿನ ಗಟ್ಟಿಯಾದ ಭಾಗ. ಕಲಾವಿದರು ಬಾರದಿರುವುದಕ್ಕೆ ಸಂಘಟಕರು ನೂರು ಕಾರಣ ಕೊಡಬಹುದು, ಕೆಲವು ಕಾರಣಗಳನ್ನು ಗ್ರಾಹಕ ಆಯೋಗವೂ ಒಪ್ಪಬಹುದು. ತಿಳಿದ ಮೇಲೆಯೂ ತಿಳಿಸದೆ ಟಿಕೆಟ್ ಮಾರಿದ್ದಕ್ಕೆ ಒಪ್ಪುವಂಥ ಕಾರಣ ಸಿಗುವುದು ಕಷ್ಟ. ಆದ್ದರಿಂದ ದೂರನ್ನು "ಆಟ ಚೆನ್ನಾಗಿರಲಿಲ್ಲ" ಎಂದು ಆರಂಭಿಸಬೇಡಿ. ಚೆನ್ನಾಗಿರಲಿಲ್ಲವೆಂಬುದು ಅಭಿರುಚಿಯ ಮಾತು, ಅದರ ಮೇಲೆ ಯಾವ ಆಯೋಗವೂ ಹಣ ಕೊಡಿಸುವುದಿಲ್ಲ. ಹೇಳಿದ್ದು ಏನು, ಕೊಟ್ಟದ್ದು ಏನು, ಎಷ್ಟು ಗಂಟೆಗೆ ಎಂಬುದನ್ನಷ್ಟೇ ಬರೆಯಿರಿ.

2020ರ ಜುಲೈ 20ರಂದು ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಲ್ಲಿ "ಸೇವೆ" ಎಂಬ ಪದದ ವ್ಯಾಖ್ಯೆಯೊಳಗೆ ಮನರಂಜನೆಯನ್ನೂ ಸೇರಿಸಲಾಗಿದೆ. ಹಣ ಕೊಟ್ಟು ಟಿಕೆಟ್ ಪಡೆದ ನೀವು ಗ್ರಾಹಕರು; ಉಚಿತ ಪಾಸಿನಲ್ಲಿ ಬಂದು ಮುಂದಿನ ಸಾಲಿನಲ್ಲಿ ಕುಳಿತವರು ಗ್ರಾಹಕರಲ್ಲ. ಒಪ್ಪಿಕೊಂಡ ಸೇವೆಯಲ್ಲಿ ಕೊರತೆಯಾದರೆ ಅದು ಸೇವಾ ನ್ಯೂನತೆ. ಇನ್ನೊಂದು ಅಂಶವನ್ನು ಬಹಳ ಜನ ಗಮನಿಸುವುದಿಲ್ಲ. ನ್ಯೂನತೆಯುಳ್ಳ ಸೇವೆಗೆ ಪಡೆದ ಹಣವನ್ನು ರಸೀದಿಯಲ್ಲಿ ಹೇಳಿದ ಅವಧಿಯೊಳಗೆ, ಅವಧಿಯನ್ನೇ ಹೇಳಿರದಿದ್ದರೆ 30 ದಿನಗಳೊಳಗೆ, ಮರಳಿಸಲು ನಿರಾಕರಿಸುವುದನ್ನು ಕಲಂ 2(47) ಅನುಚಿತ ವ್ಯಾಪಾರ ಪದ್ಧತಿಗಳ ಸಾಲಿನಲ್ಲಿಯೇ ಇಟ್ಟಿದೆ. "ಹಣ ಹಿಂತಿರುಗಿಸಲಾಗುವುದಿಲ್ಲ" ಎಂದು ಅಚ್ಚು ಹಾಕಿದ ಮಾತ್ರಕ್ಕೆ ಕೈತೊಳೆದುಕೊಳ್ಳಲಾಗದು ಎಂದು ವಾದಿಸಲು ನಿಮಗೆ ಇದು ಆಧಾರ.

ಒಂದು ಎಚ್ಚರಿಕೆ ಹೇಳಬೇಕು. ಟಿಕೆಟಿನ ಹಿಂಬದಿಯ ಷರತ್ತೇ ಅನ್ಯಾಯದ ಒಪ್ಪಂದ, ಅದನ್ನು ರದ್ದುಪಡಿಸಿ ಎಂದು ಕೇಳಿದರೆ ವಿಷಯ ಜಿಲ್ಲಾ ಆಯೋಗದ ಕೈಮೀರುತ್ತದೆ. ಅಂಥ ದೂರುಗಳನ್ನು ಕಾಯ್ದೆ ರಾಜ್ಯ ಆಯೋಗಕ್ಕೆ ಬಿಟ್ಟಿದೆ. 2,596 ರೂಪಾಯಿಗಾಗಿ ಅಲ್ಲಿಯವರೆಗೆ ಹೋಗುವ ಅಗತ್ಯವಿಲ್ಲ. ಸೇವಾ ನ್ಯೂನತೆ ಮತ್ತು ಅನುಚಿತ ವ್ಯಾಪಾರ ಪದ್ಧತಿ ಎಂಬ ಎರಡು ನೆಲೆಗಳಲ್ಲಿ ಇಲ್ಲಿ ಕಾರವಾರದಲ್ಲಿರುವ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಕೊಟ್ಟರೆ ಸಾಕು. ಐದು ಲಕ್ಷ ರೂಪಾಯಿಯವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂದಿಲ್ಲ, ಘಟನೆಯ ದಿನದಿಂದ ಎರಡು ವರ್ಷ ಕಾಲಾವಕಾಶವಿದೆ. ಆನ್‌ಲೈನ್ ಮೂಲಕ ಸಲ್ಲಿಸಬಹುದು, ವಿಡಿಯೋ ಮೂಲಕ ವಿಚಾರಣೆ ಬೇಕೆಂದು ಅರ್ಜಿ ಕೊಡಲೂ ಅವಕಾಶವಿದೆ. ನಿಮ್ಮಂತೆಯೇ ಟಿಕೆಟ್ ಕೊಂಡ ಇತರರು ಜೊತೆಗಿದ್ದರೆ, ಆಯೋಗದ ಅನುಮತಿ ಪಡೆದು ಎಲ್ಲರ ಪರವಾಗಿ ಒಂದೇ ದೂರು ಕೊಡಬಹುದು.

ಆದರೆ ಅದು ಕೊನೆಯ ಹೆಜ್ಜೆ. ಮೊದಲು ಬುಕಿಂಗ್ ಆ್ಯಪ್‌ನ ಕುಂದುಕೊರತೆ ಅಧಿಕಾರಿಗೆ ಲಿಖಿತವಾಗಿ ಬರೆಯಿರಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅವರು 48 ಗಂಟೆಗಳೊಳಗೆ ದೂರು ತಲುಪಿದೆ ಎಂದು ತಿಳಿಸಿ, ಒಂದು ತಿಂಗಳೊಳಗೆ ಇತ್ಯರ್ಥಪಡಿಸಬೇಕು. "ಸಂಘಟಕರನ್ನು ಕೇಳಿ" ಎಂಬ ಫೋನಿನ ಮಾತನ್ನು ಉತ್ತರವೆಂದು ತೆಗೆದುಕೊಳ್ಳಬೇಡಿ. ಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆದುಕೊಳ್ಳಿ. ಸಂಘಟಕರಿಗೆ ಸ್ಪೀಡ್ ಪೋಸ್ಟಿನಲ್ಲಿ ಒಂದು ಪುಟದ ನೋಟಿಸು ಕಳಿಸಿ, ಉತ್ತರಕ್ಕೆ ಹದಿನೈದು ದಿನ ಕೊಡಿ. ನಿಮ್ಮ ಬಳಿ ಕರಪತ್ರವಿದೆಯೇ? ಸಂಜೆಯೇ ಗೊತ್ತಿತ್ತೆಂದು ಒಪ್ಪಿಕೊಂಡ ಮಾತು ಬರಹದಲ್ಲಿ ಇದೆಯೇ? ಈ ಎರಡನ್ನು ತಿಳಿಸಿ.

ಮುಂದಿನ ಸಾಲಿನ ಪ್ರೇಕ್ಷಕ (ಯಲ್ಲಾಪುರ)

ಆ ರಾತ್ರಿ ನಾನೂ ಅಲ್ಲಿದ್ದೆ. ನಡೆದದ್ದು ಸಹೋದರಿ ಬರೆದಂತೆಯೇ ನಡೆಯಿತು. ಆದರೂ ಪೂರ್ತಿ ಹಣ ಕೇಳುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಮೊದಲ ಪ್ರಸಂಗದಲ್ಲಿ ಆ ಮೇಳದ ಹುಡುಗರು ಜೀವ ತೇಯ್ದು ಕುಣಿದರು. ಮದ್ದಳೆಯವರಂತೂ ಬದಲಿಗೆ ಬಂದ ಭಾಗವತರನ್ನು ಕೊನೆಯವರೆಗೆ ಎತ್ತಿ ಹಿಡಿದರು. ಆ ಬದಲಿ ಭಾಗವತರು ಇನ್ನೂ ಸಣ್ಣ ಪ್ರಾಯದವರು. ಮೂರೂವರೆ ಗಂಟೆ ನಾವು ನೋಡಿದ್ದೇವೆ, ಚಪ್ಪಾಳೆಯನ್ನೂ ತಟ್ಟಿದ್ದೇವೆ. ಅದಕ್ಕೆ ಬೆಲೆಯೇ ಇಲ್ಲವೆಂದು ಕಾಗದದ ಮೇಲೆ ಬರೆದರೆ ಅವರಿಗೆ ನೋವಾಗುತ್ತದೆ. ಅರ್ಧ ಹಣ ಮತ್ತು ಬುಕಿಂಗ್ ಶುಲ್ಕ ಕೇಳಿ ಎಂಬುದು ನನ್ನ ಅಭಿಪ್ರಾಯ. ಅರ್ಧ ಕೇಳುವುದಾದರೆ ನಾನೂ ಸಹಿ ಹಾಕುತ್ತೇನೆ, ನನ್ನ ಎರಡು ಟಿಕೆಟುಗಳಿವೆ.

ಕಾರವಾರದ ವಕೀಲ

ಯಲ್ಲಾಪುರದವರ ಮಾತು ಕಾನೂನಿನ ದೃಷ್ಟಿಯಿಂದಲೂ ಉಪಯುಕ್ತ. ನೋಡಿದ ಭಾಗಕ್ಕೆ ಬೆಲೆ ಕಟ್ಟಿ ಉಳಿದದ್ದನ್ನು ಕೇಳುವ ದೂರುದಾರರ ಮಾತಿಗೆ ತೂಕ ಹೆಚ್ಚು. ಅವರು ಪ್ರತ್ಯಕ್ಷ ಕಂಡದ್ದನ್ನು ಪ್ರಮಾಣಪತ್ರದಲ್ಲಿ (ಅಫಿಡವಿಟ್) ಹೇಳಿದರೆ ಇನ್ನೂ ಒಳ್ಳೆಯದು.

ಅಘನಾಶಿನಿ ತೀರದವಳು (ಕುಮಟಾ)

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ನಿಮ್ಮ ಉತ್ತರಗಳನ್ನು ಅಪ್ಪಯ್ಯನಿಗೆ ಓದಿ ಹೇಳಿದೆ. ಆ ಬದಲಿ ಭಾಗವತರ ಬಗ್ಗೆ ಅವರೂ ಯಲ್ಲಾಪುರದವರ ಮಾತನ್ನೇ ಹೇಳಿದರು: "ಅವನ ಮೇಲೆ ನನಗೆ ಬೇಜಾರಿಲ್ಲ, ಅವನ ಹೆಸರನ್ನೇ ಹಾಕಿ ಇನ್ನೂರು ರೂಪಾಯಿಯ ಟಿಕೆಟ್ ಮಾಡಿದ್ದರೂ ನಾನು ಹೋಗುತ್ತಿದ್ದೆ." ಹಾಗಾಗಿ ನೋಟಿಸಿನಲ್ಲಿ ಮೇಳದವರ ಬಗ್ಗೆ ಒಂದು ಅಕ್ಷರವನ್ನೂ ಬರೆಯದೆ, 1,200 ರೂಪಾಯಿ ಮತ್ತು 196 ರೂಪಾಯಿ ಬುಕಿಂಗ್ ಶುಲ್ಕ, ಒಟ್ಟು 1,396 ರೂಪಾಯಿಯನ್ನು ಕೇಳಲು ತೀರ್ಮಾನಿಸಿದ್ದೇನೆ. ಕಾರಿನ ಬಾಡಿಗೆಯನ್ನು ಕೇಳುವುದಿಲ್ಲ.

ಸಂಜೆಯೇ ಗೊತ್ತಿತ್ತೆಂದು ಒಪ್ಪಿದ್ದು ಫೋನಿನಲ್ಲಿ. ಆದರೆ ಮರುದಿನ ಅವರೇ ಕಳಿಸಿದ ವಾಟ್ಸಾಪ್ ಸಂದೇಶದಲ್ಲಿ "ಐದು ಗಂಟೆಗೆ ತಿಳಿದ ಕಾರಣ ಬೇರೆ ವ್ಯವಸ್ಥೆ ಮಾಡಲಾಗಲಿಲ್ಲ" ಎಂಬ ವಾಕ್ಯವಿದೆ, ಅದನ್ನು ಜೋಪಾನವಾಗಿ ಇಟ್ಟಿದ್ದೇನೆ. ರಂಗಸ್ಥಳದ ಘೋಷಣೆಯನ್ನು ನನ್ನ ತಂಗಿ ಮೊಬೈಲಿನಲ್ಲಿ ಚಿತ್ರೀಕರಿಸಿದ್ದಾಳೆ. ಕರಪತ್ರ ಮಾತ್ರ ಕಾರಿನಲ್ಲಿ ಒದ್ದೆಯಾಗಿ ಹರಿದುಹೋಯಿತು. ಆ್ಯಪ್‌ನ ಪುಟದಲ್ಲಿ ಈಗ ಭಾಗವತರ ಭಾವಚಿತ್ರವನ್ನು ತೆಗೆದುಹಾಕಿದ್ದಾರೆ. ಯಾರ ಬಳಿಯಾದರೂ ಕರಪತ್ರವಿದ್ದರೆ ದಯವಿಟ್ಟು ತಿಳಿಸಿ. ಸೋಮವಾರ ನೋಟಿಸು ಕಳಿಸುತ್ತೇನೆ.

ಪೇಟೆಯ ಅಂಗಡಿಯವ (ಶಿರಸಿ)

ನಮ್ಮ ಅಂಗಡಿಯ ಕಂಬಕ್ಕೆ ಅಂಟಿಸಿದ್ದು ಇನ್ನೂ ಹಾಗೆಯೇ ಇದೆ. ಇಬ್ಬರ ಭಾವಚಿತ್ರ, ವೇಳೆ, ಟಿಕೆಟ್ ದರ ಎಲ್ಲವೂ ಸ್ಪಷ್ಟವಾಗಿ ಕಾಣುತ್ತದೆ. ಈಗಲೇ ಫೋಟೋ ತೆಗೆದು ಇಲ್ಲಿ ಹಾಕುತ್ತೇನೆ. ಮೂಲ ಪ್ರತಿಯನ್ನು ನೀರು ಹಾಕಿ ಮೆಲ್ಲನೆ ಬಿಡಿಸಿ, ಒಣಗಿಸಿ, ನಾಳೆ ಕುಮಟಾ ಬಸ್ಸಿಗೆ ಬರುವ ನಮ್ಮ ಪರಿಚಯದವರ ಕೈಯಲ್ಲಿ ಕಳಿಸಿಕೊಡುತ್ತೇನೆ. ಎಲ್ಲಿ ತಲುಪಿಸಬೇಕೆಂದು ನನಗೆ ಪ್ರತ್ಯೇಕವಾಗಿ ಬರೆಯಿರಿ.