ಎಸ್‌ಪಿಡಿ-ಎಸ್‌ಎಕ್ಸ್‌ನಲ್ಲಿ ತಮಟೆ ಲೂಪ್ ನಿಲ್ಸೋದು ಹೆಂಗೆ?

ರಿದಮ್‌ಪ್ಯಾಡ್_ವಿಜಯನಗರ
ಎಲ್ರಿಗೂ ನಮಸ್ಕಾರ. ನಮ್ಮ ಆರ್ಕೆಸ್ಟ್ರಾಗೆ ರೋಲ್ಯಾಂಡ್ ಎಸ್‌ಪಿಡಿ-ಎಸ್‌ಎಕ್ಸ್ (ನಾವೇ ರೆಕಾರ್ಡ್ ಮಾಡಿದ ಸೌಂಡ್ ಹಾಕಿ ಕೋಲಲ್ಲಿ ನುಡಿಸೋ ಎಲೆಕ್ಟ್ರಾನಿಕ್ ಪ್ಯಾಡ್) ತಗೊಂಡಿದೀವಿ, ಇಷ್ಟು ದಿನ ಆಕ್ಟೋಪ್ಯಾಡ್ ಅನ್ನೋ ಎಲೆಕ್ಟ್ರಾನಿಕ್ ಡ್ರಮ್‌ನಲ್ಲಿ ಒಳಗಿರೋ ಸೌಂಡೇ ನುಡಿಸ್ತಿದ್ದೆ, ಈಗ ತಮಟೆ, ಡೊಳ್ಳು ರೆಕಾರ್ಡ್ ಮಾಡಿ ಹಾಕಿದೀನಿ. ಒಂದು ಪ್ಯಾಡಲ್ಲಿ ತಮಟೆ ಲೂಪ್ (ಮತ್ತೆ ಮತ್ತೆ ಸುತ್ತೋ ತುಣುಕು), ಇನ್ನೊಂದ್ರಲ್ಲಿ ಡೊಳ್ಳಿನ ಲೂಪ್, ಮಿಕ್ಕಿದ್ರಲ್ಲಿ ಬಿಡಿ ಪೆಟ್ಟು. ಲೂಪ್ ನಿಲ್ಸೋಣ ಅಂತ ಅದೇ ಪ್ಯಾಡ್ ಮತ್ತೆ ಹೊಡೆದ್ರೆ ನಿಲ್ಲಲ್ಲ, ಮೊದಲಿಂದ ಶುರುವಾಗತ್ತೆ. ತಮಟೆಯಿಂದ ಡೊಳ್ಳಿಗೆ ಹೋದ್ರೆ ಎರಡೂ ಒಟ್ಟಿಗೆ ಓಡತ್ತೆ. ಮೆಲ್ಲಗೆ ಹೊಡೆದ್ರೆ ಲೂಪೇ ಸಣ್ಣಗೆ ಕೇಳತ್ತೆ. ಮುಂದಿನ ವಾರ ಏರಿಯಾದಲ್ಲಿ ರಾಜ್ಯೋತ್ಸವ ಪ್ರೋಗ್ರಾಂ ಇದೆ, ಗೊತ್ತಿರೋರು ಹೇಳಿ ಪ್ಲೀಸ್.

ತಾಳಮೇಳ
ಗುರು, ಪ್ಯಾಡ್ ಸೆಟ್ಟಿಂಗ್‌ಗೆ ಹೋಗಿ ಲೂಪ್ ಇರೋ ಎರಡೂ ಪ್ಯಾಡಿಗೆ ಟ್ರಿಗರ್ ಟೈಪ್ ಶಾಟ್ ಬದಲು ಆಲ್ಟ್ ಮಾಡಿ. ಶಾಟ್‌ನಲ್ಲಿ ಪ್ರತಿ ಪೆಟ್ಟಿಗೂ ಮೊದಲಿಂದ ನುಡಿಯತ್ತೆ, ಆಲ್ಟ್‌ನಲ್ಲಿ ಒಂದು ಪೆಟ್ಟಿಗೆ ಶುರು, ಮುಂದಿನದಕ್ಕೆ ಬಂದ್. ಎರಡಕ್ಕೂ ಒಂದೇ ಮ್ಯೂಟ್ ಗ್ರೂಪ್ ನಂಬರ್ ಕೊಡಿ, ಆಗ ಡೊಳ್ಳು ಹೊಡೆದ ತಕ್ಷಣ ತಮಟೆ ನಿಲ್ಲತ್ತೆ. ಡೈನಾಮಿಕ್ಸ್ ಆಫ್ ಮಾಡಿದ್ರೆ ಎಷ್ಟು ಮೆಲ್ಲಗೆ ಹೊಡೆದ್ರೂ ಒಂದೇ ವಾಲ್ಯೂಮ್. ಬಿಡಿ ಪೆಟ್ಟಿನ ಪ್ಯಾಡ್‌ಗಳನ್ನ ಮಾತ್ರ ಆ ಗ್ರೂಪಿಗೆ ಸೇರಿಸ್ಬೇಡಿ, ಮಧ್ಯದಲ್ಲಿ ಒಂದು ಪೆಟ್ಟು ಹಾಕಿದ್ರೂ ಲೂಪ್ ಕಟ್ ಆಗತ್ತೆ. ಇವೆಲ್ಲ ಕಿಟ್ ಕಿಟ್‌ಗೂ (ಕಿಟ್ ಅಂದ್ರೆ ಎಲ್ಲಾ ಪ್ಯಾಡ್‌ಗಳ ಸೌಂಡ್, ಸೆಟ್ಟಿಂಗ್ ಸೇರಿದ ಒಂದು ಸೆಟ್) ಬೇರೆ, ಪ್ರೋಗ್ರಾಂಗೆ ಬಳಸೋ ಪ್ರತಿ ಕಿಟ್‌ನಲ್ಲೂ ನೋಡ್ಕೊಳಿ. ಎಲ್ಲಾ ಪ್ಯಾಡೂ ಮೋನೋಗೆ (ಪ್ಯಾಡಲ್ಲಿ ಒಂದು ಸಲಕ್ಕೆ ಒಂದೇ ಪೆಟ್ಟಿನ ಸದ್ದು) ಹಾಕ್ಬಿಟ್ರೆ ಇನ್ನೂ ಕ್ಲೀನ್.

ಬಸವನಗುಡಿ_ಬೀಟ್ಸ್
ಮೇಲಿಂದೆಲ್ಲ ಸರಿ, ಕೊನೇ ಮಾತು ಒಪ್ಪಲ್ಲ ಸಾರ್. ಲೂಪಿಗೆ ಮೋನೋ ಓಕೆ, ಆದ್ರೆ ಬಿಡಿ ಡೊಳ್ಳಿಗೆ ಬೇಡವೇ ಬೇಡ. ಮೋನೋದಲ್ಲಿ ಎರಡನೇ ಪೆಟ್ಟು ಬಿದ್ದ ಕೂಡ್ಲೇ ಮೊದಲನೇದರ ನಾದ ಕತ್ತರಿಸಿ ಹೋಗತ್ತೆ, ಡೊಳ್ಳಿನ ಜೀವ ಇರೋದೇ ಆ ಗುಂಯ್ ಅನ್ನೋ ಎಳೆತದಲ್ಲಿ, ವೇಗವಾಗಿ ಉರುಳಿಕೆ ಹಾಕುವಾಗ ಒಂದರ ಮೇಲೊಂದು ಕೂತ್ಕೊಂಡ್ರೇನೇ ಅದು ಡೊಳ್ಳು ಅನ್ಸೋದು. ಅದನ್ನ ಪಾಲಿಯಲ್ಲೇ (ಪೆಟ್ಟುಗಳ ನಾದ ಒಟ್ಟಿಗೆ ಕೇಳೋ ಸೆಟ್ಟಿಂಗ್) ಬಿಡಿ, ಡೈನಾಮಿಕ್ಸ್ ಆನ್ ಇರ್ಲಿ, ಕೈ ಭಾರ ಗೊತ್ತಾಗ್ಬೇಕು. ಇನ್ನೊಂದು, ಲೂಪ್ ಪ್ಯಾಡ್‌ಗಳ ಔಟ್‌ಪುಟ್ ಸಬ್‌ಗೆ (ಮೇನ್ ಬಿಟ್ಟು ಇರೋ ಎರಡನೇ ಔಟ್‌ಪುಟ್) ಹಾಕಿ ಬೇರೆ ವೈರ್ ಕೊಟ್ರೆ ಸೌಂಡ್‌ನೋರು ಲೂಪ್ ಒಂದನ್ನೇ ಏರಿಸಿ ಇಳಿಸಬಹುದು, ಬಯಲು ಸ್ಟೇಜಲ್ಲಿ ಇದು ತುಂಬಾ ಮುಖ್ಯ.

ರಿದಮ್‌ಪ್ಯಾಡ್_ವಿಜಯನಗರ
ಆಲ್ಟ್, ಮ್ಯೂಟ್ ಗ್ರೂಪ್ ಎರಡೂ ಕೆಲಸ ಮಾಡ್ತು, ತುಂಬಾ ಥ್ಯಾಂಕ್ಸ್ ಅಣ್ಣಂದ್ರಾ! ಡೊಳ್ಳು ಪಾಲಿಯಲ್ಲೇ ಇಟ್ಟೆ, ವ್ಯತ್ಯಾಸ ಚೆನ್ನಾಗಿ ಕೇಳ್ಸತ್ತೆ. ಆದ್ರೆ ತಮಟೆ ಲೂಪ್ ಸ್ವಲ್ಪ ಹೊತ್ತು ಓಡಿದ್ಮೇಲೆ ಕೀಬೋರ್ಡ್ ರಿದಮ್‌ಗೂ ಇದಕ್ಕೂ ತಾಳ ತಪ್ಪತ್ತೆ, ಟೆಂಪೋ ಎರಡರಲ್ಲೂ ನಿಮಿಷಕ್ಕೆ 120 ಬೀಟ್ ಇದೆ.

ತಾಳಮೇಳ
ಅದು ಫೈಲ್ ಕಟ್ ಮಾಡಿರೋದ್ರಲ್ಲಿ ಇದೆ. 120ರಲ್ಲಿ ನಾಲ್ಕು ಬೀಟ್ ಅಂದ್ರೆ ಸರಿಯಾಗಿ 2 ಸೆಕೆಂಡ್, 44.1 ಕಿಲೋಹರ್ಟ್ಸ್ ಫೈಲಲ್ಲಿ (ಸೆಕೆಂಡಿಗೆ 44,100 ಸ್ಯಾಂಪಲ್, ಅಂದ್ರೆ ಸದ್ದಿನ ಅಳತೆ) 88,200 ಸ್ಯಾಂಪಲ್. ಕೊನೇಲಿ ಚೂರು ಹೆಚ್ಚಿದ್ರೂ ಪ್ರತಿ ಸುತ್ತಿಗೂ ಅಷ್ಟಷ್ಟು ಕೂಡ್ತಾ ಹೋಗತ್ತೆ. ಮುಂದಿರೋ ಸೈಲೆನ್ಸೂ ತೆಗೀರಿ, ಇಲ್ಲಾಂದ್ರೆ ಹೊಡೆದ್ಮೇಲೆ ತಡವಾಗಿ ನುಡಿಯತ್ತೆ. ಕಂಪ್ಯೂಟರಲ್ಲೇ ಟ್ರಿಮ್ ಮಾಡಿ 16 ಬಿಟ್ ವೇವ್ ಫೈಲಾಗಿ ಮತ್ತೆ ಲೋಡ್ ಮಾಡಿ. ಹಾಡಿನ ಟೆಂಪೋ ಬೇರೆ ಇದ್ರೆ ಲೂಪನ್ನ ಆ ಟೆಂಪೋಗೆ ಹೊಂದಿಸೋ ಟೆಂಪೋ ಸಿಂಕ್ ಇದೆ, ಆದ್ರೆ ತುಂಬಾ ಎಳೆದ್ರೆ ತಮಟೆಯ ಚರ್ಮದ ಸದ್ದು ಕೆಡತ್ತೆ, 100ರ ಹಾಡಿಗೆ ಇನ್ನೊಂದು ಸಲ ನುಡಿಸಿ ರೆಕಾರ್ಡ್ ಮಾಡೋದೇ ಒಳ್ಳೇದು.

ಬಸವನಗುಡಿ_ಬೀಟ್ಸ್
ಹಂಗೇ ಆಲ್ ಸೌಂಡ್ ಆಫ್ ಬಟನ್ ಎಲ್ಲಿದೆ ಅಂತ ಕತ್ತಲಲ್ಲೂ ಕೈಗೆ ಸಿಗೋ ಥರ ಅಭ್ಯಾಸ ಮಾಡ್ಕೊಳಿ, ಹಾಡೋರು ನಡುವೆ ನಿಲ್ಸಿದ್ರೆ ಅದೊಂದೇ ಕಾಪಾಡೋದು. ಪ್ರೋಗ್ರಾಂ ಯಾವತ್ತು ಅಂತ ಹಾಕಿ, ಹತ್ರ ಇದ್ರೆ ಬರ್ತೀನಿ.