ಕಾಸ್ಮೆಟಿಕ್ಸ್ ಬ್ರ್ಯಾಂಡಿನ ವೆಬ್‌ಸೈಟ್ ಪರೀಕ್ಷೆ: ಎಷ್ಟು ಜನ ಬೇಕು, ಏನೇನು ನೋಡಬೇಕು?

ಮುರುಗಲು_ಶಿರಸಿ:
ಮುರುಗಲು (ಕೋಕಂ) ತುಪ್ಪದ ಲಿಪ್ ಬಾಮ್, ಹಿಮ್ಮಡಿ ಕ್ರೀಮ್ ಮತ್ತು ನಾಲ್ಕು ಶೇಡಿನ ಲಿಪ್‌ಸ್ಟಿಕ್ ಮಾರುವ ಸಣ್ಣ ಬ್ರ್ಯಾಂಡ್ ಒಂದರ ವೆಬ್‌ಸೈಟ್ ಬಳಸಲು ಎಷ್ಟು ಸುಲಭ ಅಂತ ವರದಿ ಮಾಡಬೇಕು. ಎರಡು ವಾರ ಸಮಯ ಇದೆ. ಶಿರಸಿ, ಕುಮಟಾ, ಕಾರವಾರದಲ್ಲಿ ಜನ ಸಿಗುತ್ತಾರೆ. ಇಪ್ಪತ್ತು ಪ್ರಶ್ನೆಯ ಗೂಗಲ್ ಫಾರ್ಮ್ ಕಳಿಸಿದರೆ ಆಗುತ್ತದಾ?

ಕಾಳಿದಂಡೆ:
ಫಾರ್ಮ್ ಬಿಡಿ ಮಾರಾಯ್ರೆ. "ಸೈಟ್ ಹೇಗಿದೆ" ಅಂತ ಕೇಳಿದರೆ ನಮ್ಮ ಕಡೆಯವರು "ಅಡ್ಡಿಲ್ಲೆ" ಅಂತಾರೆ, ಅಲ್ಲಿಗೆ ಮುಗಿಯಿತು. ಕೆಲಸ ಕೊಟ್ಟು ಪಕ್ಕದಲ್ಲಿ ಕೂತು ನೋಡಿ. ಕೆಲಸ ಹೇಳುವಾಗ ಸೈಟಿನ ಬಟನ್ ಮೇಲಿರುವ ಪದ ನಿಮ್ಮ ಬಾಯಿಂದ ಬರಬಾರದು. "ಫೂಟ್ ಕೇರ್‌ಗೆ ಹೋಗಿ" ಅಂದರೆ ದಾರಿ ನೀವೇ ತೋರಿಸಿದ ಹಾಗೆ. "ಅಮ್ಮನ ಹಿಮ್ಮಡಿ ಒಡೆದಿದೆ, 300 ರೂಪಾಯಿ ಒಳಗೆ ಏನಾದರೂ ತಗೊಳ್ಳಿ" ಅನ್ನಿ. ಇಂಥವು ನಾಲ್ಕು ಸಾಕು, ಒಬ್ಬರಿಗೆ 40 ನಿಮಿಷ. ಅವರು ತಡವರಿಸಿದಾಗ ಸುಮ್ಮನಿರುವುದೇ ಕಷ್ಟದ ಕೆಲಸ, ಆದರೆ ನಿಮಗೆ ಬೇಕಾದ ಮಾಹಿತಿ ಸಿಗುವುದು ಆಗಲೇ. ಸಹಾಯವಿಲ್ಲದೆ ಮುಗಿಸಿದರಾ, ಎಲ್ಲಿ ತಪ್ಪು ಒತ್ತಿದರು, ಎಲ್ಲಿಂದ ಹಿಂದೆ ಬಂದರು, ಇಷ್ಟನ್ನು ಬರೆದುಕೊಳ್ಳಿ.

ಐದು ಜನರಲ್ಲಿ ಸುಮಾರು 85 ಶೇಕಡಾ ತೊಂದರೆ ಹೊರಬರುತ್ತದೆ ಅನ್ನುವುದು ವೆಬ್ ಬಳಕೆಯ ತಜ್ಞ ಜೇಕಬ್ ನೀಲ್ಸನ್ ಲೆಕ್ಕ. ಒಬ್ಬೊಬ್ಬರಿಗೂ ಸರಾಸರಿ 31 ಶೇಕಡಾ ತೊಂದರೆ ಎದುರಾಗುತ್ತದೆ ಅನ್ನುವುದರ ಮೇಲೆ ನಿಂತ ಲೆಕ್ಕ ಅದು, ಅದೂ ಒಂದೇ ಬಗೆಯ ಬಳಕೆದಾರರಿದ್ದಾಗ. ಕಾರವಾರದ ಕಾಲೇಜು ಹುಡುಗಿಯರೂ ಶಿರಸಿ ಹಳ್ಳಿಯ ಐವತ್ತು ದಾಟಿದವರೂ ಒಂದೇ ಬಗೆಯಲ್ಲ. ಗುಂಪಿಗೆ ನಾಲ್ಕು ಜನ ಇಟ್ಟುಕೊಳ್ಳಿ. ಮೊದಲ ವಾರ ಒಂದು ಸುತ್ತು, ತಿದ್ದಿದ ಮೇಲೆ ಇನ್ನೊಂದು ಸುತ್ತು.

ಫೋನು ಅವರದ್ದೇ ಇರಲಿ, ಡೇಟಾನೂ ಅವರದ್ದೇ. ಆಫೀಸಿನ ವೈಫೈನಲ್ಲಿ ಹಾರುವ ಸೈಟು ಶಿರಸಿ-ಕುಮಟಾ ದಾರಿಯ ದೇವಿಮನೆ ಘಟ್ಟದ ಆಚೀಚೆ ತೆವಳುತ್ತದೆ. ಸೈಟಿನ ವೇಗ ಅಳೆಯುವ ಗೂಗಲ್ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಎಲ್‌ಸಿಪಿ (ಪುಟದ ದೊಡ್ಡ ಭಾಗ ಕಾಣಲು ಹಿಡಿಯುವ ಹೊತ್ತು) 2.5 ಸೆಕೆಂಡ್, ಐಎನ್‌ಪಿ (ಒತ್ತಿದ್ದಕ್ಕೆ ಪುಟ ಸ್ಪಂದಿಸುವ ಹೊತ್ತು) 200 ಮಿಲಿಸೆಕೆಂಡ್, ಸಿಎಲ್‌ಎಸ್ (ಪುಟ ತಾನಾಗಿ ಜರುಗುವುದರ ಅಳತೆ) 0.1, ಇವುಗಳ ಒಳಗಿರಬೇಕು. ಕಾಸ್ಮೆಟಿಕ್ಸ್ ಸೈಟು ಸೋಲುವುದು ಹೆಚ್ಚಾಗಿ ಮೊದಲನೆಯದರಲ್ಲಿ, ಮುಖಪುಟದ ಆ ದೊಡ್ಡ ಮಾಡೆಲ್ ಫೋಟೋದಿಂದ. ತಡವಾಗಿ ಬರುವ ಆಫರ್ ಪಟ್ಟಿ ಪುಟವನ್ನು ಕೆಳಗೆ ತಳ್ಳಿದರೆ ಬೆರಳು ಬೇರೆ ಬಟನ್ ಮೇಲೆ ಬೀಳುತ್ತದೆ. ಸಿಎಲ್‌ಎಸ್ ಅಳೆಯುವುದು ಅದನ್ನೇ.

ಘಟ್ಟದಮೇಲಿನವಳು:
ಮುಖಪುಟಕ್ಕೆ ಹೆಚ್ಚು ಹೊತ್ತು ಕೊಡಬೇಡಿ. ಕಾಸ್ಮೆಟಿಕ್ಸ್‌ನಲ್ಲಿ ತೀರ್ಮಾನ ಆಗುವುದು ವಸ್ತುವಿನ ಪುಟದಲ್ಲಿ.

ಲಿಪ್‌ಸ್ಟಿಕ್ ಶೇಡಿಗೆ ಒಂದು ಬಣ್ಣದ ಬೊಟ್ಟು, ಮೇಲೊಂದು ಕನಸಿನಂಥ ಹೆಸರು, ಅಷ್ಟರಿಂದ ಏನೂ ತಿಳಿಯುವುದಿಲ್ಲ. "ಕಂದು ಛಾಯೆಯ ಕೆಂಪು, ಹೊಳಪಿಲ್ಲ" ಅಂತ ಬರೆದಿದೆಯಾ, ಎಣ್ಣೆಗೆಂಪಿನಿಂದ ಕಪ್ಪಿನವರೆಗೆ ಮೂರ್ನಾಲ್ಕು ಮೈಬಣ್ಣದ ಮೇಲೆ ಹಚ್ಚಿ ತೋರಿಸಿದೆಯಾ ನೋಡಿ. ಶೇಡ್ ಒತ್ತಿದರೆ ಫೋಟೋ ಬದಲಾಗಬೇಕು, ಕಾರ್ಟ್‌ನಲ್ಲೂ ಶೇಡಿನ ಹೆಸರು ಕಾಣಬೇಕು. ಇಲ್ಲದಿದ್ದರೆ ತಪ್ಪು ಬಣ್ಣ ಮನೆಗೆ ಬರುತ್ತದೆ. ತೆರೆದ ಲಿಪ್‌ಸ್ಟಿಕ್ಕನ್ನು ವಾಪಸ್ ತಗೊಳ್ಳುವವರು ಕಡಿಮೆ, ಹಾಗಾಗಿ ವಾಪಸಾತಿ ನಿಯಮವೂ ಅದೇ ಪುಟದಲ್ಲಿರಲಿ.

ಪದಾರ್ಥಗಳ ಪಟ್ಟಿ ಡಬ್ಬಿಯ ಫೋಟೋದಲ್ಲಿ ಮಾತ್ರ ಇದ್ದರೆ ಅದು ದೋಷ. ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ಸ್ಕ್ರೀನ್ ರೀಡರ್ ಅದನ್ನು ಸರಿಯಾಗಿ ಓದುವುದಿಲ್ಲ, ಹುಡುಕಿದರೂ ಸಿಗುವುದಿಲ್ಲ. "ಗಾರ್ಸೀನಿಯಾ ಇಂಡಿಕಾ ಸೀಡ್ ಬಟರ್" ಅಂತ ನಿಯಮದ ಹೆಸರಿದ್ದರೆ ಪಕ್ಕದಲ್ಲಿ ಮುರುಗಲು ತುಪ್ಪ ಅಂತಲೂ ಇರಲಿ. ಹುಡುಕು ಪೆಟ್ಟಿಗೆಯಲ್ಲಿ ಮುರುಗಲು, ಕೋಕಂ, ಕೋಕಮ್ ಎಲ್ಲ ಹೊಡೆದು ನೋಡಿ, ಒಂದಕ್ಕಾದರೂ "ಏನೂ ಸಿಗಲಿಲ್ಲ" ಅಂತ ಬಂದೇ ಬರುತ್ತದೆ.

ತಿಳಿಗುಲಾಬಿ ಮೇಲೆ ಬಿಳಿ ಅಕ್ಷರ ಈ ಸೈಟುಗಳ ಹುಟ್ಟುಗುಣ. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕಾಂಟ್ರಾಸ್ಟ್ (ಅಕ್ಷರ, ಹಿನ್ನೆಲೆಯ ಹೊಳಪಿನ ಅಂತರ) ಕನಿಷ್ಠ 4.5:1 ಬೇಕು. ಅಂಗಳದ ಬಿಸಿಲಲ್ಲಿ ನಿಂತು ಓದಿಸಿದರೆ ಯಂತ್ರದ ಲೆಕ್ಕವೂ ಬೇಡ.

ಮುರುಗಲು_ಶಿರಸಿ:
ಧನ್ಯವಾದ. ನಿಜವಾಗಿ ದುಡ್ಡು ಕಟ್ಟಿಸಬೇಕಾ, ಇಲ್ಲ ಕಾರ್ಟ್‌ವರೆಗೆ ಸಾಕಾ?

ಅಂಕೋಲಾ_ಬಂದರ್:
ಕಟ್ಟಿಸಿ, ಖರ್ಚು ಬ್ರ್ಯಾಂಡಿನವರದ್ದು. ಯುಪಿಐ ಆ್ಯಪ್‌ಗೆ ಹೋಗಿ ವಾಪಸ್ ಬರುವಾಗ ಕಡಿಮೆ ರ‍್ಯಾಮಿನ ಫೋನಿನಲ್ಲಿ ಬ್ರೌಸರ್ ಪುಟ ಮತ್ತೆ ಲೋಡ್ ಆಗುತ್ತದೆ. ಆಗ ದುಡ್ಡು ಹೋಯಿತು, ಆರ್ಡರ್ ಆಯಿತೋ ಇಲ್ಲವೋ ಗೊತ್ತಿಲ್ಲ ಅನ್ನುವ ಸ್ಥಿತಿ. ನಿಜವಾದ ದುಡ್ಡು ಹೋಗದ ಟೆಸ್ಟ್ ಮೋಡ್‌ನಲ್ಲಿ ಇದು ಸಿಗುವುದಿಲ್ಲ.

ವಿಳಾಸದ ಫಾರ್ಮ್ ಮೇಲೆ ಕಣ್ಣಿಡಿ. "ಫ್ಲ್ಯಾಟ್ ನಂಬರ್" ಕಡ್ಡಾಯ ಅಂದರೆ ಹಳ್ಳಿಯವರು ಸೊನ್ನೆ ಹಾಕುತ್ತಾರೆ, ಇಲ್ಲ ಬಿಟ್ಟು ಹೋಗುತ್ತಾರೆ. ನಮಗೆ ಬೇಕಾದ್ದು ಊರು, ಪೋಸ್ಟ್, ತಾಲೂಕು. ಒಂದೇ ಪಿನ್ ಕೋಡಿಗೆ ಹತ್ತಾರು ಊರು ಇರುತ್ತವೆ, ಹಾಗಾಗಿ 581401 ಹಾಕಿದ ಕೂಡಲೇ "ಶಿರಸಿ" ಅಂತ ತುಂಬಿ ಬೀಗ ಹಾಕಬಾರದು. ಜಿಲ್ಲೆಯ ಜಾಗದಲ್ಲಿ ಕೆಲವರು ಕಾರವಾರ ಹುಡುಕುತ್ತಾರೆ, ಪಟ್ಟಿಯಲ್ಲಿ ಇರುವುದು ಉತ್ತರ ಕನ್ನಡ. ಊರಿಗೆ ಕೊರಿಯರ್ ಬರುತ್ತದೋ ಇಲ್ಲವೋ ಅನ್ನುವುದು ವಸ್ತುವಿನ ಪುಟದಲ್ಲೇ ಗೊತ್ತಾಗಬೇಕು, ಎಲ್ಲ ತುಂಬಿದ ಮೇಲಲ್ಲ.

ಕೊನೆಯ ಹಂತದಲ್ಲಿ ಹೊಸ ಶುಲ್ಕ ಹುಟ್ಟಿದರೆ, ಕೇಳದೆ ಏನಾದರೂ ಕಾರ್ಟ್ ಸೇರಿದರೆ ಅದು ಬರೀ ಕೆಟ್ಟ ವಿನ್ಯಾಸ ಅಲ್ಲ. 2023ರ ನವೆಂಬರ್‌ನ ಕೇಂದ್ರದ ಡಾರ್ಕ್ ಪ್ಯಾಟರ್ನ್ (ಗ್ರಾಹಕರ ದಾರಿ ತಪ್ಪಿಸುವ ವಿನ್ಯಾಸ) ಮಾರ್ಗಸೂಚಿಯ 13 ಬಗೆಗಳಲ್ಲಿ ಎರಡೂ ಇವೆ. ದೂರು ಅಧಿಕಾರಿಯ ಹೆಸರು, ಸಂಪರ್ಕವೂ ಸೈಟಿನಲ್ಲಿರಬೇಕು. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ದೂರು ತಲುಪಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು.

ಕಾಳಿದಂಡೆ:
ಒಂದು ಸೇರಿಸುತ್ತೇನೆ. ಅಂಕ ಬೇಕೇ ಬೇಕು ಅಂತ ಬ್ರ್ಯಾಂಡಿನವರು ಹಟ ಹಿಡಿದರೆ ಕೊನೆಗೆ ಎಸ್‌ಯುಎಸ್‌ನ (ಬಳಕೆ ಎಷ್ಟು ಸುಲಭ ಅಂತ ಅಳೆಯುವ ಪ್ರಶ್ನಾವಳಿ) ಹತ್ತು ವಾಕ್ಯ ಓದಿ ಹೇಳಿ, 1ರಿಂದ 5 ಅಂಕ ಕೇಳಿ. ಬೆಸ ವಾಕ್ಯಕ್ಕೆ ಕೊಟ್ಟ ಅಂಕದಲ್ಲಿ 1 ಕಳೆಯಿರಿ, ಸಮ ವಾಕ್ಯದ ಅಂಕವನ್ನು 5ರಿಂದ ಕಳೆಯಿರಿ, ಕೂಡಿ 2.5ರಿಂದ ಗುಣಿಸಿ. 100ಕ್ಕೆ 68 ಸರಾಸರಿ, ಆದರೆ ಅದು ಶೇಕಡಾ ಅಲ್ಲ. ಎಂಟು ಜನರ ಅಂಕ ಬರೀ ಅಂದಾಜು ಅಂತ ವರದಿಯಲ್ಲೇ ಬರೆಯಿರಿ.

ಮೂವತ್ತು ಪುಟ ಯಾರೂ ಓದುವುದಿಲ್ಲ. ಪ್ರತಿ ದೊಡ್ಡ ತೊಂದರೆಗೆ 20 ಸೆಕೆಂಡಿನ ವಿಡಿಯೋ ತುಣುಕು ಹಾಕಿ. ಮೊದಲೇ ಒಪ್ಪಿಗೆ ತಗೊಳ್ಳಿ, ಯುಪಿಐ ಪಿನ್ ಒತ್ತುವ ಹೊತ್ತಿಗೆ ಕ್ಯಾಮೆರಾ ಬೇರೆ ಕಡೆ ತಿರುಗಿಸಿ.